ಹಳೆಯ ಕಡತಗಳನ್ನು ಎಷ್ಟು ವರ್ಷ ಇಡಬೇಕು? ಸಣ್ಣ ಸಂಸ್ಥೆಗಳಿಗೆ ಮಾಹಿತಿ ನಿರ್ವಹಣೆಯ ಮಾರ್ಗದರ್ಶಿ

ಶಿಕ್ಷಣ ಸಂಸ್ಥೆಗಳ ಕಾರ್ಯದರ್ಶಿಗಳು, ಪತ್ತಿನ ಸಹಕಾರ ಸಂಘಗಳ ವ್ಯವಸ್ಥಾಪಕರು, ಇಪ್ಪತ್ತು ಮೂವತ್ತು ಜನ ದುಡಿಯುವ ಕಂಪನಿಗಳ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಳೆಯ ವೋಚರುಗಳನ್ನು ಎಷ್ಟು ವರ್ಷ ಇಡಬೇಕು, ಗೂಗಲ್ ಡ್ರೈವ್ ತುಂಬಿದೆಯಲ್ಲ, ಇನ್ನಷ್ಟು ಜಾಗ ಕೊಳ್ಳಬೇಕೋ ಇರುವುದನ್ನು ಅಳಿಸಬೇಕೋ, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದರೆ ಕಾಗದವನ್ನು ಗುಜರಿಗೆ ಹಾಕಬಹುದೇ ಎಂದು ಕೇಳುತ್ತಾರೆ. ಇವಕ್ಕೆ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಬೇಕೆಂದು ಹೇಳುವುದೇ ಉಪಯುಕ್ತವೆಂದು ಈ ಲೇಖನವನ್ನು ಬರೆದಿದ್ದೇನೆ.

ಕೆಲಸ ಆರಂಭಿಸುವ ಮೊದಲು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಬೀರು ತುಂಬಿದಾಗ ಯಾರಾದರೂ ಕುಳಿತು ಬೇಕಾದ್ದು ಬೇಡದ್ದನ್ನು ಬೇರ್ಪಡಿಸಲೇಬೇಕಿತ್ತು. ಕಂಪ್ಯೂಟರಿನಲ್ಲಿ ಜಾಗ ಅಗ್ಗವಾದ್ದರಿಂದ ಆ ನಿರ್ಧಾರವನ್ನು ಯಾರೂ ಕೈಗೊಳ್ಳುತ್ತಿಲ್ಲ. ಮಾಹಿತಿ ಕಳೆದುಹೋದೀತೆಂಬ ಭಯ ಎಲ್ಲರಿಗೂ ಇದೆ. ಇರಬಾರದ ಮಾಹಿತಿ ನಮ್ಮಲ್ಲೇ ಉಳಿದಿದೆಯೆಂಬ ಭಯ ಬಹುತೇಕರಿಗೆ ಇಲ್ಲ. ಹತ್ತು ವರ್ಷದ ಹಿಂದೆ ಸಾಲ ತೀರಿಸಿ ಹೋದ ಸದಸ್ಯನ ಆಧಾರ್ ಪ್ರತಿ, ಸಂದರ್ಶನಕ್ಕೆ ಬಂದು ಆಯ್ಕೆಯಾಗದವರ ಅಂಕಪಟ್ಟಿ, ಶಾಲೆ ಬಿಟ್ಟ ಮಗುವಿನ ವೈದ್ಯಕೀಯ ಪತ್ರ ಇವೆಲ್ಲ ಸಂಸ್ಥೆಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಆದರೆ ಸೋರಿಕೆಯಾದ ದಿನ ಪೂರ್ತಿ ಹೊಣೆ ಸಂಸ್ಥೆಯದೇ ಆಗುತ್ತದೆ.

ಮೊದಲು ಬೇಕಾದ ಸಿದ್ಧತೆ

ಆಡಳಿತ ಮಂಡಳಿಯ ಅಥವಾ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾಳೆ ಒಂದು ಕಡತ ಸಿಗದಿದ್ದಾಗ "ಯಾರು ಹೇಳಿದರೆಂದು ನಾಶ ಮಾಡಿದಿರಿ?" ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ನಡಾವಳಿ ಪುಸ್ತಕದಲ್ಲಿ ಇರಬೇಕು. ಕಚೇರಿಯ ಹಳಬರೊಬ್ಬರು, ಕಂಪ್ಯೂಟರ್ ನೋಡಿಕೊಳ್ಳುವವರೊಬ್ಬರು ಮತ್ತು ನಿಮ್ಮ ಲೆಕ್ಕಪರಿಶೋಧಕರು, ಈ ಮೂವರ ನೆರವು ಸಾಕು. ದುಬಾರಿ ತಂತ್ರಾಂಶವೇನೂ ಬೇಡ. ಒಂದು ಎಕ್ಸೆಲ್ ಹಾಳೆ ಮತ್ತು ಎರಡು ಹೊರ ಹಾರ್ಡ್‌ಡಿಸ್ಕ್‌ಗಳಿದ್ದರೆ ಕೆಲಸ ಶುರುವಾಗುತ್ತದೆ.

ಹಂತ 1: ಮಾಹಿತಿ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಕಡತಗಳನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಮಾಹಿತಿ ಕುಳಿತಿರುವ ಜಾಗಗಳನ್ನು ಬರೆದುಕೊಳ್ಳಿ. ಬೀರುಗಳು, ಅಟ್ಟ, ಲೆಕ್ಕದ ಕಂಪ್ಯೂಟರ್, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ, ಇಮೇಲ್ ಖಾತೆಗಳು, ಡ್ರೈವ್, ಪೆನ್‌ಡ್ರೈವ್‌ಗಳು, ಸಿಸಿಟಿವಿ ಪೆಟ್ಟಿಗೆ, ಹಾಜರಾತಿ ಯಂತ್ರ. ಎಲ್ಲರೂ ಮರೆಯುವ ಜಾಗವೊಂದಿದೆ, ಅದು ಸಿಬ್ಬಂದಿಯ ಸ್ವಂತ ಫೋನು. ಸದಸ್ಯರು ದಾಖಲೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ಅವು ತಾವಾಗಿಯೇ ಫೋನಿನ ಗ್ಯಾಲರಿಗೆ ಇಳಿಯುತ್ತವೆ, ಅಲ್ಲಿಂದ ಆ ನೌಕರನ ಖಾಸಗಿ ಗೂಗಲ್ ಖಾತೆಗೂ ಏರುತ್ತವೆ. ಹೀಗೆ ಸಂಸ್ಥೆಯ ದಾಖಲೆ ಸಂಸ್ಥೆಯ ಕೈಯಲ್ಲಿಲ್ಲದ ಎರಡು ಕಡೆ ಉಳಿಯುತ್ತದೆ.

ಪಟ್ಟಿಯ ಪ್ರತಿ ಸಾಲಿನಲ್ಲೂ ನಾಲ್ಕು ವಿವರಗಳಿರಲಿ: ಅಲ್ಲಿ ಏನಿದೆ, ಯಾರ ವಶದಲ್ಲಿದೆ, ಯಾರು ಯಾರು ನೋಡಬಲ್ಲರು, ಅದರಲ್ಲಿ ವ್ಯಕ್ತಿಗಳ ಖಾಸಗಿ ವಿವರ ಇದೆಯೇ ಇಲ್ಲವೇ. "ಯಾರ ವಶದಲ್ಲಿದೆ" ಎಂಬ ಅಂಕಣದಲ್ಲಿ "ಕಚೇರಿ" ಎಂದು ಬರೆಯಬೇಡಿ, ಹುದ್ದೆಯ ಹೆಸರು ಬರೆಯಿರಿ. ಆ ಅಂಕಣ ಖಾಲಿ ಬಿದ್ದಿರುವ ಸಾಲುಗಳೇ ನಿಮ್ಮ ನಿಜವಾದ ಅಪಾಯದ ಪಟ್ಟಿ.

ಇಲ್ಲಿ ಒಂದು ಎಚ್ಚರಿಕೆ: ಸಂಸ್ಥೆಯ ಎಷ್ಟೋ ಕಡತಗಳು ಯಾವುದೋ ನೌಕರನ ಸ್ವಂತ ಜಿಮೇಲ್‌ನಲ್ಲಿ ಹುಟ್ಟಿ ಎಲ್ಲರಿಗೂ ಹಂಚಿಕೆಯಾಗಿರುತ್ತವೆ. ಅಂಥ ಕಡತದ ಮಾಲೀಕ ಆ ನೌಕರನೇ ಹೊರತು ಸಂಸ್ಥೆಯಲ್ಲ. ಅವನು ಖಾತೆ ಅಳಿಸಿದರೆ ಕಡತವೂ ಹೋಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸಬಹುದೆಂಬ ನೀತಿ ಗೂಗಲ್‌ಗೆ ಇದೆ. ಆದ್ದರಿಂದ ನಿವೃತ್ತರಾದ ಗುಮಾಸ್ತರ ಖಾತೆಯಲ್ಲಿ ಸಂಸ್ಥೆಯ ಹತ್ತು ವರ್ಷದ ಪತ್ರವ್ಯವಹಾರವಿದ್ದರೆ ಈ ವಾರವೇ ಅದನ್ನು ಸಂಸ್ಥೆಯ ಖಾತೆಗೆ ಇಳಿಸಿಕೊಳ್ಳಿ.

ಹಂತ 2: ಅವಧಿ ಪಟ್ಟಿಯನ್ನು ಸಿದ್ಧಪಡಿಸಿ

ಯಾವ ಬಗೆಯ ದಾಖಲೆಯನ್ನು ಎಷ್ಟು ಕಾಲ ಇಡಬೇಕು, ಆಮೇಲೆ ಏನು ಮಾಡಬೇಕು ಎಂದು ಬರೆದಿಟ್ಟ ಪಟ್ಟಿಯೇ ಅವಧಿ ಪಟ್ಟಿ. ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಮುಗಿದ ಕಡತವನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಶಾಶ್ವತವಾದದ್ದನ್ನು ಅಭಿಲೇಖಾಲಯಕ್ಕೆ ಕಳುಹಿಸಿ, ಉಳಿದದ್ದಕ್ಕೆ ನಾಶದ ವರ್ಷ ಬರೆಯುವ ಪದ್ಧತಿ ಅಲ್ಲಿ ಬಹಳ ಹಿಂದಿನಿಂದ ಇದೆ. ಖಾಸಗಿ ಸಂಸ್ಥೆಗಳು ಅದನ್ನು ನಕಲು ಮಾಡಿದರೆ ನಷ್ಟವೇನೂ ಇಲ್ಲ.

ಕಾನೂನು ಹೇಳುವ ಮುಖ್ಯ ಅವಧಿಗಳು ಹೀಗಿವೆ.

ನೀವು ಕಂಪನಿಯಾಗಿದ್ದರೆ, 2013ರ ಕಂಪನಿಗಳ ಕಾಯ್ದೆಯ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನೂ ಅವುಗಳಿಗೆ ಸಂಬಂಧಿಸಿದ ವೋಚರುಗಳನ್ನೂ ಕಳೆದ 8 ಹಣಕಾಸು ವರ್ಷಗಳಷ್ಟು ಇಡಬೇಕು. ತನಿಖೆಗೆ ಆದೇಶವಾಗಿದ್ದರೆ ಸರ್ಕಾರ ಇನ್ನೂ ಹೆಚ್ಚು ಕಾಲ ಇಡಲು ಹೇಳಬಹುದು. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಕಂಪನಿಗಳು ಅದರ ಮೀಸಲು ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ಪ್ರತಿದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇಡಬೇಕು. 2023ರ ಏಪ್ರಿಲ್ 1ರಿಂದ, ಯಾರು ಯಾವಾಗ ಯಾವ ನಮೂದನ್ನು ತಿದ್ದಿದರು ಎಂಬ ತಿದ್ದುಪಡಿ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕು, ಆ ಸೌಲಭ್ಯವನ್ನು ಆರಿಸಿಡುವಂತಿಲ್ಲ.

ಜಿಎಸ್‌ಟಿ ನೋಂದಣಿ ಇದ್ದರೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇದ್ದ ಕೊನೆಯ ದಿನದಿಂದ 72 ತಿಂಗಳು. ಈ ಲೆಕ್ಕದಲ್ಲಿ ಅನೇಕರು ತಪ್ಪುತ್ತಾರೆ. 2023-24ನೇ ಸಾಲಿನ ವಾರ್ಷಿಕ ರಿಟರ್ನಿಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಹಾಗಾಗಿ ಆ ಸಾಲಿನ ಬಿಲ್ಲುಗಳನ್ನು 2030ರ ಡಿಸೆಂಬರ್ 31ರವರೆಗೆ ಇಡಬೇಕು. "ಆರು ವರ್ಷ" ಎಂದು ಕೇಳಿಸಿಕೊಂಡು 2024ರ ಮಾರ್ಚಿನಿಂದ ಎಣಿಸಿದರೆ ಒಂಬತ್ತು ತಿಂಗಳು ಮೊದಲೇ ಸುಟ್ಟುಬಿಡುತ್ತೀರಿ. ಆ ವರ್ಷದ ಬಗ್ಗೆ ಮೇಲ್ಮನವಿಯೋ ತನಿಖೆಯೋ ನಡೆದಿದ್ದರೆ, ಅದು ಮುಗಿದ ಮೇಲೆ ಮತ್ತೆ ಒಂದು ವರ್ಷ ಅಥವಾ ಈ 72 ತಿಂಗಳು, ಯಾವುದು ತಡವೋ ಅದು.

ಆದಾಯ ತೆರಿಗೆ ವಿನಾಯಿತಿ ಪಡೆಯುವ ದತ್ತಿ ಮತ್ತು ಶಿಕ್ಷಣ ಸಂಸ್ಥೆಗಳಿಗೆ 2022ರಲ್ಲಿ ಬಂದ ನಿಯಮದ ಪ್ರಕಾರ ಸಂಬಂಧಿಸಿದ ಮೌಲ್ಯಮಾಪನ ವರ್ಷ, ಅಂದರೆ ಆ ಹಣಕಾಸು ವರ್ಷದ ಮರುವರ್ಷ, ಮುಗಿದ ಮೇಲೆ 10 ವರ್ಷ. ಟ್ರಸ್ಟುಗಳ ಪೈಕಿ ಅನೇಕರಿಗೆ ಇದು ಗೊತ್ತೇ ಇಲ್ಲ, ಎಂಟು ವರ್ಷ ಸಾಕೆಂದು ನಂಬಿದ್ದಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರಿಂದ ನಿಯಮಗಳ ಸಂಖ್ಯೆಗಳು ಬದಲಾಗುತ್ತವೆ. ಅವಧಿ ಪಟ್ಟಿಯ ಈ ಸಾಲನ್ನು ಮಾತ್ರ ನಿಮ್ಮ ಲೆಕ್ಕಪರಿಶೋಧಕರ ಕೈಯಲ್ಲೇ ಬರೆಸಿಕೊಳ್ಳಿ.

ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ವ್ಯವಹಾರದ ದಾಖಲೆಗಳನ್ನು ವ್ಯವಹಾರದ ದಿನದಿಂದ 5 ವರ್ಷವೂ, ಗ್ರಾಹಕರ ಗುರುತಿನ ದಾಖಲೆಗಳನ್ನು ಅವರೊಂದಿಗಿನ ಸಂಬಂಧ ಮುಗಿದ ಮೇಲೆ 5 ವರ್ಷವೂ ಇಡುವ ಕರ್ತವ್ಯವಿದೆ. ಸಹಕಾರ ಸಂಘಗಳು ಇದರ ಜೊತೆಗೆ ತಮ್ಮ ಉಪವಿಧಿಯನ್ನೂ ಇಲಾಖೆಯ ಸುತ್ತೋಲೆಗಳನ್ನೂ ನೋಡಬೇಕು.

ಕಾನೂನು ನೇರವಾಗಿ ಏನನ್ನೂ ಹೇಳದ ಕಡೆ 1963ರ ಕಾಲಮಿತಿ ಕಾಯ್ದೆ ನಿಮಗೆ ದಾರಿ ತೋರಿಸುತ್ತದೆ. ಒಂದು ವ್ಯವಹಾರದ ಬಗ್ಗೆ ಎಷ್ಟು ವರ್ಷದೊಳಗೆ ದಾವೆ ಹೂಡಬಹುದೋ ಅಷ್ಟು ವರ್ಷ ಅದರ ಪುರಾವೆ ನಿಮ್ಮಲ್ಲಿರಬೇಕು ಎಂಬುದೇ ತರ್ಕ. ಸಾಮಾನ್ಯ ಸಾಲ ಮತ್ತು ಕರಾರಿನ ಬಾಕಿಗೆ 3 ವರ್ಷ, ಸ್ಥಿರಾಸ್ತಿಯ ಅಡಮಾನದ ಹಣ ವಸೂಲಿಗೆ 12 ವರ್ಷ. ಈ ಅವಧಿಗಳು ಸಾಲ ಕೊಟ್ಟ ದಿನದಿಂದ ಮಾತ್ರವಲ್ಲ, ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡ ದಿನದಿಂದ ಹೊಸದಾಗಿಯೂ ಆರಂಭವಾಗಬಹುದಾದ್ದರಿಂದ ಕನಿಷ್ಠಕ್ಕಿಂತ ಒಂದೆರಡು ವರ್ಷ ಹೆಚ್ಚೇ ಹಾಕಿಕೊಳ್ಳಿ.

ಇನ್ನು ಶಾಶ್ವತವಾಗಿ ಇಡಬೇಕಾದವು: ನೋಂದಣಿ ಪತ್ರ, ಟ್ರಸ್ಟ್ ಡೀಡ್ ಅಥವಾ ಉಪವಿಧಿ, ನಡಾವಳಿ ಪುಸ್ತಕ, ಆಸ್ತಿಪತ್ರ, ಸದಸ್ಯರ ನೋಂದಣಿ ವಹಿ, ಶಾಲೆಯ ಪ್ರವೇಶ ದಾಖಲಾತಿ ಪುಸ್ತಕ. ಪ್ರವೇಶ ದಾಖಲಾತಿಯ ಮಹತ್ವ ಶಾಲೆಗಳವರಿಗೆ ಗೊತ್ತೇ ಇದೆ. ನಲವತ್ತು ವರ್ಷದ ಹಿಂದೆ ಓದಿದವರು ಜನ್ಮದಿನಾಂಕದ ಅಥವಾ ಜಾತಿಯ ಪುರಾವೆಗೆಂದು ಬಂದು ನಿಲ್ಲುತ್ತಾರೆ. ವೇತನ ವಹಿಯನ್ನೂ ನಾನು ಈ ಗುಂಪಿಗೇ ಸೇರಿಸುತ್ತೇನೆ, ಭವಿಷ್ಯನಿಧಿಯ ತಕರಾರುಗಳು ನೌಕರ ನಿವೃತ್ತನಾಗುವ ಹೊತ್ತಿಗೇ ಏಳುವುದರಿಂದ.

ಹಂತ 3: ಅಳಿಸುವ ಕರ್ತವ್ಯವನ್ನೂ ಪಟ್ಟಿಗೆ ಸೇರಿಸಿ

ಇಲ್ಲಿಯವರೆಗೆ ಹೇಳಿದ್ದು ಕನಿಷ್ಠ ಅವಧಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗರಿಷ್ಠದ ಕಲ್ಪನೆಯನ್ನೂ ತಂದಿದೆ. ವ್ಯಕ್ತಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದಿರೋ ಆ ಉದ್ದೇಶ ತೀರಿದ ಮೇಲೆ, ಬೇರೆ ಯಾವುದೇ ಕಾನೂನು ಇಡಲು ಹೇಳದಿದ್ದರೆ, ಅದನ್ನು ಅಳಿಸಬೇಕು ಎಂಬುದು ಅದರ ಸಾರ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಪ್ರಮುಖ ಕರ್ತವ್ಯಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನ ಹೊತ್ತಿಗೆ, ಜಾರಿಗೆ ಬರುತ್ತವೆ. ತಕ್ಕ ಭದ್ರತೆ ಒದಗಿಸದೆ ಸೋರಿಕೆಗೆ ಕಾರಣವಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಸಣ್ಣ ಸಂಸ್ಥೆಗೆ ಅಷ್ಟು ದಂಡ ಬೀಳಲಿಕ್ಕಿಲ್ಲ, ಉಲ್ಲಂಘನೆಯ ತೀವ್ರತೆಯನ್ನು ನೋಡಿಯೇ ಮೊತ್ತ ನಿರ್ಧರಿಸುತ್ತಾರೆ. ಆದರೆ ಸಣ್ಣವರೆಂಬ ಕಾರಣಕ್ಕೆ ಭದ್ರತೆಯ ಹೊಣೆ ತಪ್ಪುತ್ತದೆಂದು ತಿಳಿಯಬೇಡಿ.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಕಾಯ್ದೆ ಅನ್ವಯವಾಗುವುದು ಡಿಜಿಟಲ್ ರೂಪದ ಮಾಹಿತಿಗೆ, ಹಾಗೂ ಕಾಗದದಲ್ಲಿ ಪಡೆದು ಆಮೇಲೆ ಡಿಜಿಟಲ್ ಮಾಡಿದ ಮಾಹಿತಿಗೆ. ಬೀರುವಿನೊಳಗೆ ಸುಮ್ಮನೆ ಕುಳಿತಿದ್ದ ಮೂವತ್ತು ವರ್ಷದ ಅರ್ಜಿಗಳನ್ನು "ಆಧುನೀಕರಣ"ದ ಉತ್ಸಾಹದಲ್ಲಿ ರಾಶಿ ಹಾಕಿ ಸ್ಕ್ಯಾನ್ ಮಾಡಿಸಿದರೆ, ಇಲ್ಲದ ಹೊಣೆಯೊಂದನ್ನು ನೀವಾಗಿಯೇ ಮೈಮೇಲೆ ಎಳೆದುಕೊಳ್ಳುತ್ತೀರಿ. ಮೊದಲು ಬೇರ್ಪಡಿಸಿ, ಆಮೇಲೆ ಸ್ಕ್ಯಾನ್ ಮಾಡಿಸಿ. ಸ್ಕ್ಯಾನಿಂಗ್ ಗುತ್ತಿಗೆದಾರರು ಪುಟದ ಲೆಕ್ಕದಲ್ಲಿ ಹಣ ಪಡೆಯುವುದರಿಂದ ಈ ಸಲಹೆಯನ್ನು ಅವರಿಂದ ನಿರೀಕ್ಷಿಸಬೇಡಿ.

ಆಧಾರ್ ಪ್ರತಿಗಳ ಮಾತು ಬೇರೆಯಾಗಿ ಹೇಳಬೇಕು. ಗುರುತು ನೋಡಿ ಹಿಂದಿರುಗಿಸಿದರೆ ಸಾಕಾಗುವ ಕಡೆ ಪ್ರತಿ ಪಡೆಯಲೇಬೇಡಿ. ಪಡೆಯಲೇಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಆಧಾರ್ ಕೇಳಿ. ಇಲ್ಲದ ಮಾಹಿತಿ ಸೋರುವುದಿಲ್ಲ, ಅದಕ್ಕೆ ಬೀಗವೂ ಬೇಡ.

ಹಂತ 4: ಒಂದು ದಾಖಲೆಗೆ ಒಂದೇ ಅಧಿಕೃತ ಪ್ರತಿ

ಒಂದು ಠರಾವಿನ ಐದು ಪ್ರತಿಗಳು ಐದು ಕಂಪ್ಯೂಟರಿನಲ್ಲಿದ್ದು, ಅವುಗಳಲ್ಲಿ ಎರಡು ಪರಸ್ಪರ ಬೇರೆಯಾಗಿದ್ದರೆ, ಲೆಕ್ಕತಪಾಸಣೆಯ ದಿನ ಯಾವುದನ್ನು ತೋರಿಸುತ್ತೀರಿ? ಸಹಿಯಾದ ಪ್ರತಿ ಯಾವ ಕಡತಕೋಶದಲ್ಲಿ ಇರುತ್ತದೆಂದು ನಿಗದಿ ಮಾಡಿ, ಉಳಿದವರಿಗೆ ಅದರ ಕೊಂಡಿ ಕಳುಹಿಸಿ, ಪ್ರತಿ ಕಳುಹಿಸಬೇಡಿ. ಕಡತದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರಲಿ. ದಿನವನ್ನು ಮೊದಲು ಬರೆದರೆ ಕಂಪ್ಯೂಟರ್ ಎಲ್ಲ ತಿಂಗಳ ಒಂದನೇ ತಾರೀಖುಗಳನ್ನು ಒಟ್ಟಿಗೆ ಸೇರಿಸಿಬಿಡುತ್ತದೆ. ನಿಮ್ಮ ಆವಕ-ಜಾವಕ ವಹಿಯ ಸಂಖ್ಯೆಯನ್ನೇ ಹೆಸರಿನಲ್ಲಿ ಸೇರಿಸಿದರೆ ಕಾಗದದ ಕಡತಕ್ಕೂ ಡಿಜಿಟಲ್ ಕಡತಕ್ಕೂ ನಂಟು ಉಳಿಯುತ್ತದೆ. ಹೊಸ ಸಂಖ್ಯಾಪದ್ಧತಿಯನ್ನು ಹುಟ್ಟುಹಾಕುವ ಅಗತ್ಯವಿಲ್ಲ.

ಹಂತ 5: ಹಳೆಯ ಕನ್ನಡ ಕಡತಗಳನ್ನು ಓದಿಸಿಕೊಳ್ಳುವಂತೆ ಮಾಡಿ

ಈ ಹಂತ ಕರ್ನಾಟಕದ ಸಂಸ್ಥೆಗಳಿಗೇ ವಿಶೇಷವಾದದ್ದು, ಹೊರಗಿನ ಯಾವ ಮಾರ್ಗದರ್ಶಿಯಲ್ಲೂ ಸಿಗದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಬಂದ ಮೇಲೂ ಎಷ್ಟೋ ವರ್ಷ, ನಮ್ಮ ಕಚೇರಿಗಳು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದವು. ಆ ಪದ್ಧತಿಯಲ್ಲಿ ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕನ್ನಡದ ವೇಷ ತೊಟ್ಟು ಕುಳಿತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಸೊಟ್ಟಸೊಟ್ಟ ಗುರುತುಗಳ ರಾಶಿ ಕಾಣುತ್ತದೆ. ಫಾಂಟ್ ಇದ್ದರೂ, ಯೂನಿಕೋಡಿನಲ್ಲಿ "ನಿವೇಶನ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಅಂದರೆ ಕಡತ ಇದೆ, ಆದರೆ ಇಲ್ಲದ ಹಾಗೆ.

ಮಾಡಬೇಕಾದದ್ದು ಇಷ್ಟು. ಮೊದಲಿಗೆ, ಆ ಫಾಂಟುಗಳು ಇನ್ನೂ ಸರಿಯಾಗಿ ಕೆಲಸ ಮಾಡುತ್ತಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಕಳುಹಿಸುವ ಮುನ್ನ, ಶಾಶ್ವತ ಮಹತ್ವದ ಕಡತಗಳನ್ನು ಅದರಲ್ಲೇ ತೆರೆದು ಫಾಂಟ್ ಒಳಗೊಂಡ ಪಿಡಿಎಫ್ ಮಾಡಿಕೊಳ್ಳಿ. ಸಾಧ್ಯವಿದ್ದರೆ ದೀರ್ಘಕಾಲದ ಸಂಗ್ರಹಕ್ಕೆಂದೇ ಇರುವ ಪಿಡಿಎಫ್-ಎ ರೂಪವನ್ನು ಆರಿಸಿ. ಕಣ್ಣಿಗೆ ಕಾಣುವ ರೂಪ ಇದರಿಂದ ಉಳಿಯುತ್ತದೆ. ಎರಡನೆಯದಾಗಿ, ಹುಡುಕಲು ಬೇಕಾಗುವ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ಬದಲಿಸಿ. ಮೂರನೆಯದಾಗಿ, ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲೇ ಇಡಿ.

ಪರಿವರ್ತನೆಯಲ್ಲಿ ಎಡವುವ ಜಾಗಗಳು ಗೊತ್ತಿರಲಿ. ಅರ್ಕಾವತ್ತು ಮತ್ತು ಎರಡು ಒತ್ತು ಒಟ್ಟಿಗೆ ಬರುವ ಅಕ್ಷರಗಳು ಸ್ಥಾನಪಲ್ಲಟವಾಗುವುದುಂಟು. "ಧರ್ಮಸ್ಥಳ", "ಲಕ್ಷ್ಮಿ", "ಸ್ವಾತಂತ್ರ್ಯ" ಮೊದಲಾದ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕ ಸರಿಯಿದೆಯೇ ಎಂದು ಬೇಗ ತಿಳಿಯುತ್ತದೆ. ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರು, ಪ್ಯಾನ್ ಸಂಖ್ಯೆ, ವಾಹನ ಸಂಖ್ಯೆಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿಸುತ್ತದೆ. ಎಕ್ಸೆಲ್ ಹಾಳೆಗಳಲ್ಲಿ ಈ ಅಪಾಯ ಹೆಚ್ಚು, ಆದ್ದರಿಂದ ಕನ್ನಡದ ಅಂಕಣಗಳನ್ನು ಮಾತ್ರ ಆರಿಸಿ ಬದಲಿಸಿ. ಸದಸ್ಯರ ಪಟ್ಟಿ ಮತ್ತು ವಿದ್ಯಾರ್ಥಿಗಳ ಪಟ್ಟಿಯ ಹೆಸರುಗಳನ್ನು ಮಾತ್ರ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಲೇಬೇಕು, ಇಲ್ಲಿ ಅಡ್ಡದಾರಿಯಿಲ್ಲ. ಒಂದು ಒತ್ತು ತಪ್ಪಿದರೆ ಬೇರೆ ಮನುಷ್ಯನೇ ಆಗುತ್ತಾನೆ.

ಕಾಗದದ ವಿಷಯದಲ್ಲೂ ಎರಡು ಮಾತು. ಅಂಗಡಿ, ಪೆಟ್ರೋಲ್ ಬಂಕ್‌ಗಳ ನುಣುಪು ಕಾಗದದ ರಸೀದಿಗಳು ಶಾಖದಿಂದ ಮುದ್ರಿತವಾದವು. ಕೆಲವೇ ವರ್ಷದಲ್ಲಿ ಬಿಳುಚಿಕೊಂಡು ಖಾಲಿ ಚೀಟಿಯಾಗುತ್ತವೆ. ವೋಚರಿಗೆ ಲಗತ್ತಿಸುವ ದಿನವೇ ಅವುಗಳ ಜೆರಾಕ್ಸ್ ತೆಗೆದು ಜೊತೆಗೆ ಪಿನ್ ಮಾಡಿ. ಸ್ಕ್ಯಾನ್ ಮಾಡುವಾಗ ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆ ಇರಲಿ. ಕಡಿಮೆಯಾದರೆ ಒತ್ತಕ್ಷರಗಳು ಮಸಿಯ ಬೊಟ್ಟಾಗುತ್ತವೆ.

ಸ್ಕ್ಯಾನ್ ಆದ ಮೇಲೆ ಮೂಲ ಕಾಗದವನ್ನು ಬಿಸಾಡಬಹುದೇ? ಶಾಶ್ವತ ದಾಖಲೆ, ಆಸ್ತಿಪತ್ರ, ಸಾಲಪತ್ರ, ಸಹಿಯ ಬಗ್ಗೆ ತಕರಾರು ಏಳಬಹುದಾದ ಯಾವುದೇ ಪತ್ರ, ಇವುಗಳ ಮೂಲವನ್ನು ಎಂದಿಗೂ ಬಿಡಬೇಡಿ. ಉಳಿದವನ್ನು ಅವಧಿ ಪಟ್ಟಿಯಂತೆ ವಿಲೇವಾರಿ ಮಾಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಕಡತದೊಳಗಿನ ಒಂದಕ್ಷರ ಬದಲಾದರೂ ಬದಲಾಗಿಬಿಡುವ, ಕಂಪ್ಯೂಟರ್ ಲೆಕ್ಕಹಾಕಿ ಕೊಡುವ ಗುರುತಿನ ಸಂಖ್ಯೆಯೇ ಹ್ಯಾಶ್ ಮೌಲ್ಯ. ಮುಖ್ಯ ದಾಖಲೆಗಳನ್ನು ಸ್ಕ್ಯಾನ್ ಮಾಡಿದ ದಿನವೇ ಈ ಸಂಖ್ಯೆಯನ್ನು ಬರೆದಿಟ್ಟರೆ ಮುಂದೆ ಯಾರೂ ತಿದ್ದಿಲ್ಲವೆಂದು ತೋರಿಸುವುದು ಸುಲಭ.

ಹಂತ 6: ಯಾರಿಗೆ ಏನು ಕಾಣಬೇಕು

"ಕೊಂಡಿ ಇರುವ ಯಾರೇ ಆಗಲಿ ನೋಡಬಹುದು" ಎಂದು ತೆರೆದಿಟ್ಟ ಡ್ರೈವ್ ಕಡತಗಳನ್ನು ಹುಡುಕಿ ಮುಚ್ಚಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆ ಹಾಕಿದ ಕೊಂಡಿ ಎಲ್ಲಿಯವರೆಗೆ ಹೋಗಿದೆಯೆಂದು ಹೇಳಬಲ್ಲವರಿಲ್ಲ. ಇಡೀ ಕಚೇರಿಗೆ ಒಂದೇ ಗುಪ್ತಪದ, ಅದೂ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ, ಎಂಬ ಪದ್ಧತಿಯನ್ನು ನಿಲ್ಲಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಡಿ. ಯಾರು ಏನು ಮಾಡಿದರೆಂಬ ದಾಖಲೆ ಹುಟ್ಟುವುದೇ ಅಲ್ಲಿಂದ. ನೌಕರರು ಕೆಲಸ ಬಿಡುವಾಗ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆಗೆ ಇಮೇಲ್, ಡ್ರೈವ್, ಟ್ಯಾಲಿ, ಬ್ಯಾಂಕ್ ಒಟಿಪಿ ಬರುವ ಫೋನ್ ಸಂಖ್ಯೆ, ವಾಟ್ಸ್‌ಆ್ಯಪ್ ಗುಂಪುಗಳು ಇವೆಲ್ಲವೂ ಇರಲಿ. ಕೊನೆಯ ಸಂಬಳದ ಚೆಕ್ಕಿಗೆ ಸಹಿಯಾಗುವ ಮುನ್ನ ಆ ಪಟ್ಟಿ ಮುಗಿದಿರಲಿ.

ಹಂತ 7: ಮೀಸಲು ಪ್ರತಿ, ಮತ್ತು ಅದನ್ನು ತೆರೆದು ನೋಡುವುದು

3-2-1 ಎಂಬ ಸೂತ್ರ ಈಗಲೂ ಸಾಕಾಗುತ್ತದೆ: ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಕಟ್ಟಡದ ಹೊರಗೆ. ಡ್ರೈವ್‌ನಲ್ಲಿದೆಯಲ್ಲ, ಅದೇ ಮೀಸಲು ಪ್ರತಿ ಎನ್ನುವವರು ಬಹಳ. ಕಂಪ್ಯೂಟರಿನಲ್ಲಿ ಅಳಿಸಿದ್ದು ಡ್ರೈವ್‌ನಲ್ಲೂ ಅಳಿಸಿಹೋಗುವಂತೆ ಜೋಡಿಸಿದ್ದರೆ ಅದು ಮೀಸಲು ಪ್ರತಿಯಾಗುವುದಿಲ್ಲ. ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನಕ್ಕೆ ತಾನಾಗಿಯೇ ಖಾಲಿಯಾಗುತ್ತದೆ. ಕಡತಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಎಂಬ ಕುತಂತ್ರಾಂಶ ನುಗ್ಗಿದಾಗ, ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುವ ಹಾರ್ಡ್‌ಡಿಸ್ಕಿಗೂ ಬೀಗ ಬೀಳುತ್ತದೆ. ಆದ್ದರಿಂದ ಎರಡು ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಅದಲುಬದಲು ಮಾಡಿ, ಪ್ರತಿ ತೆಗೆದ ಕೂಡಲೇ ಕಳಚಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಡಿಸ್ಕ್ ಕಳೆದರೂ ಓದಲಾಗದಂತೆ ಅದಕ್ಕೆ ಗೂಢಲಿಪೀಕರಣ, ಅಂದರೆ ಗುಪ್ತಪದವಿಲ್ಲದೆ ತೆರೆಯದ ವ್ಯವಸ್ಥೆ, ಇರಲಿ. ಆ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ಬಳಿ ಇಡಿ.

ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಆ ಪ್ರತಿಯಿಂದ ಟ್ಯಾಲಿ ದತ್ತಾಂಶವನ್ನು ಮರಳಿ ತೆರೆದು, ಯಾವುದಾದರೂ ಒಂದು ದಿನದ ನಗದು ಶಿಲ್ಕು ತಾಳೆಯಾಗುವುದೇ ನೋಡಿ. ಬ್ಯಾಕಪ್ ಯಶಸ್ವಿಯಾಯಿತೆಂಬ ಸಂದೇಶ ನಂಬಿ ಕುಳಿತರೆ ಸಾಲದು.

ಹಂತ 8: ವಿಲೇವಾರಿ

ವರ್ಷಕ್ಕೊಮ್ಮೆ, ಲೆಕ್ಕತಪಾಸಣೆ ಮುಗಿದ ಮೇಲೆ, ಅವಧಿ ತೀರಿದ ದಾಖಲೆಗಳ ಪಟ್ಟಿಯನ್ನು ಮಂಡಳಿಯ ಮುಂದಿಟ್ಟು ಅನುಮೋದನೆ ಪಡೆಯಿರಿ. ದಾವೆ, ತೆರಿಗೆ ನೋಟಿಸು, ಇಲಾಖಾ ವಿಚಾರಣೆ, ಲೆಕ್ಕಪರಿಶೋಧನೆಯ ಆಕ್ಷೇಪ ಇವುಗಳಲ್ಲಿ ಯಾವುದಾದರೂ ಬಾಕಿ ಇದ್ದರೆ ಅದಕ್ಕೆ ಸಂಬಂಧಿಸಿದ ಎಲ್ಲದರ ನಾಶವನ್ನು ತಡೆಹಿಡಿದು, ಕಡತದ ಮೇಲೆ "ನಾಶ ಮಾಡಕೂಡದು" ಎಂದು ಷರಾ ಬರೆಯಿರಿ. ಅನುದಾನಿತ ಸಂಸ್ಥೆಗಳು ಮಾಹಿತಿ ಹಕ್ಕು ಅರ್ಜಿ ಮತ್ತು ಮೇಲ್ಮನವಿಗಳನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅರ್ಜಿ ಬಂದ ಮೇಲೆ ದಾಖಲೆ ನಾಶ ಮಾಡಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ವೈಯಕ್ತಿಕ ದಂಡ ಬೀಳಬಹುದು.

ಕಾಗದವನ್ನು ತೂಕಕ್ಕೆ ಮಾರಬೇಡಿ. ಕಡಲೆಕಾಯಿ ಪೊಟ್ಟಣದ ಮೇಲೆ ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಕಂಡವರಿಗೆ ಕಾರಣ ಹೇಳಬೇಕಿಲ್ಲ. ಯಂತ್ರದಲ್ಲಿ ಚೂರು ಮಾಡಿಸಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನಾಶದ ವಹಿಯಲ್ಲಿ ದಾಖಲಿಸಿ. ಆ ವಹಿಯನ್ನು ಶಾಶ್ವತವಾಗಿ ಇಡಿ. ಕಂಪ್ಯೂಟರಿನಲ್ಲಿ ಕಡತ ಅಳಿಸುವುದರಿಂದ ಅದು ಡಿಸ್ಕಿನಿಂದ ಹೋಗುವುದಿಲ್ಲ, ಅದರ ಜಾಗ ಖಾಲಿಯೆಂದು ಗುರುತಾಗುತ್ತದೆ ಅಷ್ಟೇ. ಹಳೆಯ ಕಂಪ್ಯೂಟರ್ ಮಾರುವಾಗ ಡಿಸ್ಕನ್ನು ಕಳಚಿಕೊಂಡು ಒಡೆಸಿಬಿಡಿ. ಬಾಡಿಗೆಗೆ ತಂದ ಜೆರಾಕ್ಸ್ ಯಂತ್ರವನ್ನು ಹಿಂದಿರುಗಿಸುವ ಮೊದಲು ಅದರೊಳಗೂ ಡಿಸ್ಕ್ ಇದೆಯೇ ಎಂದು ಕೇಳಿ. ದೊಡ್ಡ ಯಂತ್ರಗಳಲ್ಲಿ ಇರುವುದುಂಟು.

ಅಳಿಸಿದ ಕಡತ ಮೀಸಲು ಪ್ರತಿಯಲ್ಲಿ ಹಾಗೆಯೇ ಉಳಿದಿರುತ್ತದೆ ಎಂಬುದು ಕೊನೆಯ ತೊಡಕು. ಹಳೆಯ ಮೀಸಲು ಪ್ರತಿಗಳಿಗೂ ಒಂದು ಅವಧಿ ಗೊತ್ತುಮಾಡಿ, ಅದು ತೀರಿದಂತೆ ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗಿ.

ಹಂತ 9: ಸೋರಿಕೆಯಾದ ದಿನ

ಒಂದು ಹಾಳೆಯಲ್ಲಿ ಯಾರಿಗೆ ಮೊದಲು ಕರೆ ಮಾಡಬೇಕೆಂದು ಬರೆದು ಗೋಡೆಗೆ ಹಾಕಿ, ಕಂಪ್ಯೂಟರಿನೊಳಗೆ ಇಟ್ಟರೆ ಅವತ್ತು ಅದೇ ತೆರೆಯುವುದಿಲ್ಲ. ದಾಳಿಗೊಳಗಾದ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿ, ಆದರೆ ಫಾರ್ಮ್ಯಾಟ್ ಮಾಡಿಸಬೇಡಿ; ಆತುರದ ಫಾರ್ಮ್ಯಾಟಿನಿಂದ ಪುರಾವೆಯೆಲ್ಲ ಹೋಗುತ್ತದೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ತಕ್ಷಣ ಕರೆ ಮಾಡಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಕಂಪನಿಗಳು ಮತ್ತು ಇತರ ನಿಗಮಿತ ಸಂಸ್ಥೆಗಳು ಅಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಚಟುವಟಿಕೆ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು, 180 ದಿನ ಇಟ್ಟಿರಬೇಕು. ದತ್ತಾಂಶ ಸಂರಕ್ಷಣಾ ನಿಯಮಗಳು ಪೂರ್ಣವಾಗಿ ಜಾರಿಗೆ ಬಂದ ಮೇಲೆ ಬಾಧಿತ ವ್ಯಕ್ತಿಗಳಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ವಿಳಂಬವಿಲ್ಲದೆ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ವಿವರ ಒಪ್ಪಿಸಬೇಕಾಗುತ್ತದೆ.

ಆ ವಿವರದಲ್ಲಿ ಯಾರ ಯಾರ, ಯಾವ ಯಾವ ಮಾಹಿತಿ ಹೋಯಿತೆಂದು ಹೇಳಬೇಕು. ಹಂತ 1ರ ಪಟ್ಟಿಯನ್ನು ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಿಸಿ, ಅದರ ಮುದ್ರಿತ ಪ್ರತಿಯೊಂದನ್ನು ಈ ಕರೆ ಸಂಖ್ಯೆಗಳ ಹಾಳೆಯ ಜೊತೆಗೇ ಇಟ್ಟಿದ್ದರೆ, ಆ 72 ಗಂಟೆಗಳಲ್ಲಿ ಉತ್ತರ ಬರೆಯಲು ಸಾಧ್ಯವಾಗುತ್ತದೆ.